ಅಟ್ಟದ ಮೇಲಿನ ಪೆಟ್ಟಿಗೆ ಮತ್ತು 1982ರ ಹತ್ತು ರಾಗಗಳು

ಪ್ರಶ್ನೆ: ನನ್ನ ಮಗ ಯೂಟ್ಯೂಬಿನಲ್ಲಿ ಒಂದು ಹಳೆಯ ರೆಕಾರ್ಡ್ ಕೇಳಿಸಿದ. 1982ರಲ್ಲಿ ಮುಂಬೈನವರೊಬ್ಬರು ಸಿಂಥಸೈಸರ್ ಅನ್ನುವ ಎಲೆಕ್ಟ್ರಾನಿಕ್ ವಾದ್ಯದಲ್ಲಿ ರಾಗಗಳನ್ನು ನುಡಿಸಿದ್ದಾರೆ. 'ಆಸಿಡ್ ಹೌಸ್' ಅನ್ನುವ ಡಾನ್ಸ್ ಸಂಗೀತವನ್ನು ಅಮೆರಿಕದವರಿಗಿಂತ ಮೊದಲೇ ನಮ್ಮವರು ಕಂಡುಹಿಡಿದಿದ್ದರು ಅಂತ ಅದರ ಕೆಳಗೆ ಬರೆದಿತ್ತು. ಇದು ನಿಜವೇ? ಅಷ್ಟು ಒಳ್ಳೆಯ ಸಂಗೀತ ಇಷ್ಟು ವರ್ಷ ನಮ್ಮ ಕಿವಿಗೆ ಯಾಕೆ ಬೀಳಲಿಲ್ಲ? ನಮ್ಮ ಮನೆಯ ಅಟ್ಟದಲ್ಲೂ ತಂದೆಯವರ ರೆಕಾರ್ಡು, ಕ್ಯಾಸೆಟ್ಟುಗಳ ಪೆಟ್ಟಿಗೆ ಇದೆ. ಅದರಲ್ಲಿ ಇಂಥದ್ದೇನಾದರೂ ಇರಬಹುದೇ? ಹೇಗೆ ಗುರುತಿಸುವುದು?

ಉತ್ತರ: ನಿಮ್ಮ ಮಗ ಕೇಳಿಸಿದ್ದು ಚರಣ್‌ಜಿತ್ ಸಿಂಗ್ ಅವರ 'ಸಿಂಥಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್'. ಎಚ್‌ಎಂವಿ ಲೇಬಲ್ಲಿನ ಗ್ರಾಮಾಫೋನ್ ಕಂಪನಿ ಆಫ್ ಇಂಡಿಯಾ ಹೊರತಂದ ಎಲ್‌ಪಿ ಅದು. ನನಗೆ ತುಂಬ ಹತ್ತಿರದ ರೆಕಾರ್ಡ್. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಮೊದಲು 'ಕಂಡುಹಿಡಿದರು' ಅನ್ನುವ ಮಾತು. ಆಸಿಡ್ ಹೌಸ್ ಹುಟ್ಟಿದ್ದು ಶಿಕಾಗೋದಲ್ಲಿ. ಅಲ್ಲಿನ ಫ್ಯೂಚರ್ ತಂಡದ 'ಆಸಿಡ್ ಟ್ರ್ಯಾಕ್ಸ್' 1987ರಲ್ಲಿ ಬಂತು. ಚರಣ್‌ಜಿತ್ ಅವರ ರೆಕಾರ್ಡ್ ಅದಕ್ಕಿಂತ ಐದು ವರ್ಷ ಹಿಂದಿನದು, ದನಿಯೂ ಬೆರಗಾಗುವಷ್ಟು ಹತ್ತಿರ. ಇಷ್ಟು ನಿಜ. ಆದರೆ ಆ ಶಿಕಾಗೋ ಹುಡುಗರು ಈ ಎಲ್‌ಪಿ ಕೇಳಿದ್ದರು ಅನ್ನುವುದಕ್ಕೆ ಯಾವ ಸುಳಿವೂ ಇಲ್ಲ. ಒಂದರಿಂದ ಇನ್ನೊಂದು ಹುಟ್ಟಲಿಲ್ಲ. ಎರಡು ಕಡೆ ಒಂದೇ ಯಂತ್ರ ಇತ್ತು, ಅಷ್ಟೇ.

ಆ ಯಂತ್ರ ಜಪಾನಿನ ರೋಲ್ಯಾಂಡ್ ಕಂಪನಿಯ ಟಿಬಿ-303. ತಗ್ಗು ಸ್ವರಗಳ ಬಾಸ್ ಗಿಟಾರ್ ನುಡಿಸುವವರು ಸಿಗದೆ ಒಬ್ಬರೇ ಅಭ್ಯಾಸ ಮಾಡುವವರಿಗೆ ಜೊತೆಯಾಗಲಿ ಅಂತ ಮಾಡಿದ ಪುಟ್ಟ ಬೆಳ್ಳಿ ಬಣ್ಣದ ಪೆಟ್ಟಿಗೆ. ಅದರಲ್ಲಿ ಹದಿನಾರು ಹೆಜ್ಜೆಯ ಒಂದು ಆವರ್ತ ಬರೆದಿಡಬಹುದು. ಒಂದೊಂದು ಹೆಜ್ಜೆಗೂ ಒಂದು ಸ್ವರ. ಬೇಕಾದರೆ ಒತ್ತು ಕೊಡಬಹುದು. 'ಸ್ಲೈಡ್' ಒತ್ತಿದರೆ ಒಂದು ಸ್ವರ ಮುಂದಿನದಕ್ಕೆ ಜಾರಿಕೊಂಡು ಹೋಗುತ್ತದೆ. ಬಾಸ್ ಗಿಟಾರಿನ ಹತ್ತಿರಕ್ಕೂ ಅದರ ದನಿ ಬರಲಿಲ್ಲ. ಸ್ವರ ತುಂಬುವ ಕ್ರಮವೂ ಕಷ್ಟದ್ದು. ಜನ ಕೊಳ್ಳಲಿಲ್ಲ, 1984ರ ಹೊತ್ತಿಗೆ ತಯಾರಿಕೆ ನಿಂತಿತು. ಅಮೆರಿಕದಲ್ಲಿ ಸೆಕೆಂಡ್ ಹ್ಯಾಂಡ್ ಅಂಗಡಿಗಳಿಗೆ ಬಂದು ಬಿದ್ದ ಈ ಅಗ್ಗದ ಪೆಟ್ಟಿಗೆಗಳ ಗುಬುಟು ತಿರುಗಿಸುತ್ತಾ ಆಡಿದಾಗ ಶಿಕಾಗೋದವರಿಗೆ ಆ ಕೀರಲು, ಬುರುಗು ದನಿ ಸಿಕ್ಕಿತು.

ಚರಣ್‌ಜಿತ್ ಇದನ್ನು ಕೊಂಡಿದ್ದು ಯಂತ್ರ ಹೊಸದಾಗಿದ್ದಾಗ. ಅದರ ಜೊತೆ ಟಿಆರ್-808 ಡ್ರಮ್ ಯಂತ್ರ, ಮೇಲೆ ಜುಪಿಟರ್-8 ಕೀಬೋರ್ಡ್. ಎಲೆಕ್ಟ್ರಾನಿಕ್ ವಾದ್ಯಗಳನ್ನು ಒಂದಕ್ಕೊಂದು ಜೋಡಿಸುವ ಮಿಡಿ ಅನ್ನುವ ವ್ಯವಸ್ಥೆ ಬಂದಿದ್ದೇ 1983ರಲ್ಲಿ. ಆದರೆ ರೋಲ್ಯಾಂಡಿನ ಈ ಮೂರನ್ನು ಅದಿಲ್ಲದೆಯೂ ವೈರು ಎಳೆದು ಒಂದೇ ಲಯಕ್ಕೆ ಕಟ್ಟಬಹುದಿತ್ತು. 808 ತಾಳ ಹಾಕಿದರೆ 303 ಅದರ ಹಿಂದೆಯೇ ಓಡುತ್ತದೆ. ಎರಡು ಕೈಗಳೂ ರಾಗಕ್ಕೆ ಬಿಡುವಾಗುತ್ತವೆ.

ದನಿ ಯಾಕೆ ಆಸಿಡ್ ಹೌಸ್ ಥರ ಆಯಿತು ಅನ್ನುವುದಕ್ಕೆ ನನಗೆ ಕಾಣುವ ಕಾರಣ ರಾಗವೇ. ಪಾಶ್ಚಾತ್ಯ ಪಾಪ್ ಹಾಡಿನಲ್ಲಿ ಕಾರ್ಡುಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳು, ಬದಲಾಗುತ್ತವೆ, ಬಾಸ್ ಅವುಗಳ ಹಿಂದೆ ಹೋಗುತ್ತದೆ. ರಾಗದಲ್ಲಿ ಹಾಗಿಲ್ಲ. ಷಡ್ಜ, ಅಂದರೆ ಸ, ಅಲುಗುವುದಿಲ್ಲ. ತಂಬೂರಿಯ ಜಾಗದಲ್ಲಿ 303 ಬಂದು ಕೂತರೆ ಅದೂ ಷಡ್ಜದ ಸುತ್ತಲೇ ತಿರುಗಬೇಕು. ಒಂದೇ ಶ್ರುತಿ, ಅದೇ ಆವರ್ತ, ಮಧ್ಯೆ ಮಧ್ಯೆ ಜಾರು. ಶಿಕಾಗೋದವರು ಕಾರ್ಡು ಬಿಟ್ಟಿದ್ದು ಡಾನ್ಸಿಗಾಗಿ. ಚರಣ್‌ಜಿತ್‌ಗೆ ಬಿಡಲು ಕಾರ್ಡೇ ಇರಲಿಲ್ಲ, ಯಮನ್‌ನಂಥ ರಾಗದಲ್ಲಿ ಅದಕ್ಕೆ ಜಾಗವಿಲ್ಲ. ಎರಡು ಬೇರೆ ದಾರಿಯಲ್ಲಿ ಬಂದವರು ಒಂದೇ ಕಡೆ ಸೇರಿದರು.

ಅದಕ್ಕೇ 'ಆಸಿಡ್ ಹೌಸಿನ ಪಿತಾಮಹ' ಅಂತ ಕರೆದರೆ ನನಗೆ ಬೇಸರವಾಗುತ್ತದೆ. ಹೊಗಳಿದ ಹಾಗೆ ಕಂಡರೂ ಅದರಲ್ಲಿ ಅವರು ಮಾಡಿದ ಕೆಲಸವೇ ಮರೆಯಾಗುತ್ತದೆ. ಹತ್ತು ರಾಗಗಳು ಅಲ್ಲಿವೆ: ಭೈರವ್, ಲಲಿತ್, ಭೂಪಾಲಿ, ತೋಡಿ, ಮಧುವಂತಿ, ಮೇಘ ಮಲ್ಹಾರ್, ಯಮನ್, ಕಲಾವತಿ, ಮಾಲ್‌ಕೌಂಸ್, ಬೈರಾಗಿ. ನಮ್ಮ ಕಡೆ ಕಿವಿ ಇದ್ದವರಿಗೆ ಹೇಳುವುದಾದರೆ ಭೈರವ್ ಅಂದರೆ ಮಾಯಾಮಾಳವಗೌಳದ ಸ್ವರಗಳೇ, ಮಕ್ಕಳಿಗೆ ಸರಳೆ ವರಸೆ ಕಲಿಸುವ ರಾಗ. ಭೂಪಾಲಿ ನಮ್ಮ ಮೋಹನ. ಮಾಲ್‌ಕೌಂಸ್ ನಮ್ಮ ಹಿಂದೋಳ. ಹಿಂದೋಳದಲ್ಲಿ ಪಂಚಮವೇ ಇಲ್ಲ, ಅಲ್ವಾ? ಡಿಸ್ಕೋ ಬಾಸಿಗೆ ಸ-ಪ ಅನ್ನುವ ಜಿಗಿತ ಬಲು ಸುಲಭದ ಆಸರೆ. ಆ ಆಸರೆಯನ್ನು ರಾಗವೇ ಕಿತ್ತುಕೊಂಡಾಗ ಬಾಸ್ ಎಲ್ಲಿ ಕಾಲೂರುತ್ತದೆ ಅನ್ನುವುದನ್ನು ಮಗನ ಜೊತೆ ಕೂತು ಗಮನಿಸಿ. ಒಳ್ಳೆಯ ಹೆಡ್‌ಫೋನ್ ಇರಲಿ. ಫೋನಿನ ಸ್ಪೀಕರಿನಲ್ಲಿ 808ರ ಕಿಕ್, ಅಂದರೆ ದಪ್ಪ ಡ್ರಮ್ಮಿನ ಪೆಟ್ಟು, ಕೇಳಿಸುವುದೇ ಇಲ್ಲ.

ಇನ್ನು, ಇಷ್ಟು ವರ್ಷ ಯಾಕೆ ಕೇಳಲಿಲ್ಲ ಅನ್ನುವ ಪ್ರಶ್ನೆ.

ಚರಣ್‌ಜಿತ್ ಎಲ್ಲೋ ಮೂಲೆಯಲ್ಲಿದ್ದವರಲ್ಲ. ಶಂಕರ್-ಜೈಕಿಶನ್, ಆರ್. ಡಿ. ಬರ್ಮನ್ ಅವರಂಥವರ ವಾದ್ಯವೃಂದದಲ್ಲಿ ಬಾಸ್ ಗಿಟಾರ್, ಕೀಬೋರ್ಡ್ ನುಡಿಸುತ್ತಿದ್ದ ಕಲಾವಿದ. ಅವರ ಕೈಚಳಕ ದೇಶವೇ ಕೇಳಿತ್ತು, ಹೆಸರು ಮಾತ್ರ ಕೇಳಿರಲಿಲ್ಲ. ಆಗಿನ ರೆಕಾರ್ಡಿನ ಮೇಲೆ ಚಿತ್ರ, ಗಾಯಕರು, ಗೀತರಚನೆ, ಸಂಗೀತ ನಿರ್ದೇಶನ ಇಷ್ಟು ಅಚ್ಚಾಗುತ್ತಿತ್ತು. ವಾದ್ಯದವರಿಗೆ ಜಾಗ ಇರಲಿಲ್ಲ.

ಅವರದೇ ಹೆಸರಿನಲ್ಲಿ ಈ ರೆಕಾರ್ಡ್ ಬಂದಾಗ ಅಂಗಡಿಯವನು ಅದನ್ನು ಯಾವ ಸಾಲಿನಲ್ಲಿ ಇಡಬೇಕು? ರಾಗ ಕೇಳುವವರಿಗೆ ಸಿತಾರ್ ಬೇಕು. ಡಿಸ್ಕೋ ಕೇಳುವವರಿಗೆ ಹಾಡು ಬೇಕು, ಹಾಡುವವರೂ ಬೇಕು. ವಿವಿಧ ಭಾರತಿಗೆ ಸಿನಿಮಾ ಗೀತೆ ಬೇಕು. ಯಾವ ಸಾಲಿಗೂ ಸೇರದ ರೆಕಾರ್ಡ್ ಸುಮ್ನೆ ಹಿಂದೆ ಸರಿಯುತ್ತದೆ. ಅದೇ ಹೊತ್ತಿಗೆ ಕ್ಯಾಸೆಟ್ಟಿನ ಅಲೆ ಬಂತು. ಅಗ್ಗದ ಕ್ಯಾಸೆಟ್ ಕಂಪನಿಗಳು ಊರೂರಲ್ಲಿ ಹುಟ್ಟಿಕೊಂಡವು, ಎಲ್‌ಪಿ ಕೊಳ್ಳುವವರು ಕಡಿಮೆಯಾದರು. 1982ರ ಎಲ್‌ಪಿಗೆ ಎರಡನೇ ಸಲ ಅಚ್ಚಾಗುವ ಅದೃಷ್ಟ ಸಿಗುವುದೇ ಕಷ್ಟವಾಗಿತ್ತು. ಹಾಗಾಗಿ ಸಂಗೀತ ಚೆನ್ನಾಗಿಲ್ಲ ಅಂತ ಯಾರೂ ತಳ್ಳಿಹಾಕಿದ್ದಲ್ಲ. ಇಂಥ ರೆಕಾರ್ಡುಗಳ ಕತೆಗಳಲ್ಲಿ ಹೆಚ್ಚಿನವು ಹೀಗೇ ಇರುತ್ತವೆ.

ಮತ್ತೆ ಸಿಕ್ಕಿದ್ದು ಹೇಗೆ ಅಂದರೆ, ಎಡೋ ಬೌಮನ್ ಎಂಬ ಡಚ್ ಸಂಗ್ರಾಹಕರು 2002ರಲ್ಲಿ ದೆಹಲಿಯಲ್ಲಿ ಒಂದು ಪ್ರತಿ ಕೊಂಡರು. ಅವರಿಗೆ ಹಳೆಯ ಹಿಂದಿ ಸಿನಿಮಾ ಸಂಗೀತದ ಹುಚ್ಚು. ಆಮೇಲೆ ಮುಂಬೈಗೆ ಹೋಗಿ ಚರಣ್‌ಜಿತ್ ಅವರನ್ನೇ ಹುಡುಕಿ ಮಾತಾಡಿಸಿದರು. 2010ರಲ್ಲಿ ತಮ್ಮ ಬಾಂಬೆ ಕನೆಕ್ಷನ್ ಲೇಬಲ್ಲಿನಲ್ಲಿ ಮರುಬಿಡುಗಡೆ ಮಾಡಿದರು. ಮೂಲ ರೆಕಾರ್ಡ್ ಬಂದು ಆಗಲೇ ಇಪ್ಪತ್ತೆಂಟು ವರ್ಷ. ಆಮೇಲೆ ಎಪ್ಪತ್ತು ದಾಟಿದ ಚರಣ್‌ಜಿತ್ ಯುರೋಪಿನ ವೇದಿಕೆಗಳಲ್ಲಿ ಇದೇ ರಾಗಗಳನ್ನು ನುಡಿಸಿದರು. 2015ರಲ್ಲಿ ತೀರಿಕೊಂಡರು. ಬೌಮನ್ ಇನ್ನೊಂದು ಐದಾರು ವರ್ಷ ತಡ ಮಾಡಿದ್ದರೆ? ಈ ಲೆಕ್ಕ ನೆನಪಿಡಿ, ನಿಮ್ಮ ಪೆಟ್ಟಿಗೆಯ ಮಾತಿಗೆ ಬಂದಾಗ ಬೇಕಾಗುತ್ತದೆ.

ಇನ್ನೊಂದು ಉದಾಹರಣೆ ಅಟ್ಟಕ್ಕೆ, ಮನೆಗೆ ಹತ್ತಿರದ್ದು. ಕೋಲ್ಕತ್ತಾದ ಗಾಯಕಿ ರೂಪಾ ಬಿಸ್ವಾಸ್ ಕೆನಡಾದ ಕ್ಯಾಲ್ಗರಿಗೆ ಹೋಗಿದ್ದಾಗ ಸರೋದ್ ವಾದಕ ಆಶಿಶ್ ಖಾನ್ ಮತ್ತು ಅಲ್ಲಿನ ಕಲಾವಿದರ ಜೊತೆ 'ಡಿಸ್ಕೋ ಜಾಝ್' ಅನ್ನುವ ಆಲ್ಬಂ ಮಾಡಿದರು. ನಾಲ್ಕೇ ಹಾಡು. 1982ರಲ್ಲಿ ಮೆಗಾಫೋನ್ ಕಂಪನಿ ಅದನ್ನು ಹೊರತಂದಿತು, ಓಡಲಿಲ್ಲ. ಎಷ್ಟೋ ವರ್ಷಗಳ ಮೇಲೆ ಮಗ ಮನೆಯಲ್ಲಿ ಆ ರೆಕಾರ್ಡ್ ನೋಡಿ ಇಂಟರ್ನೆಟ್ಟಿನಲ್ಲಿ ಹುಡುಕಿದರೆ, ಅದರ ಮೂಲ ಪ್ರತಿಗೆ ಹೊರದೇಶದಲ್ಲಿ ಭಾರೀ ಬೆಲೆ. 'ಆಜ್ ಶನಿಬಾರ್' ಹಾಡನ್ನು ಯೂಟ್ಯೂಬಿನಲ್ಲಿ ಲಕ್ಷಗಟ್ಟಲೆ ಜನ ಕೇಳುತ್ತಿದ್ದರು. ಹಾಡಿದವರಿಗೇ ಗೊತ್ತಿರಲಿಲ್ಲ! 2019ರಲ್ಲಿ ಶಿಕಾಗೋದ ನ್ಯೂಮೆರೊ ಗ್ರೂಪ್ ಮರುಬಿಡುಗಡೆ ಮಾಡಿತು. 'ಆಜ್ ಶನಿಬಾರ್' ಕೇಳಿ. ಸರೋದ್ ಮತ್ತು ಎಲೆಕ್ಟ್ರಿಕ್ ಗಿಟಾರ್ ಒಂದರ ಬಾಲ ಇನ್ನೊಂದು ಹಿಡಿದು ಹೋಗುವ ಜಾಗಗಳಿವೆ. ಯಾವುದೂ ಇನ್ನೊಂದಕ್ಕೆ ಅಲಂಕಾರ ಆಗಿಲ್ಲ.

ಅಹಮದಾಬಾದಿನ ಕತೆ ಇನ್ನೂ ಹಳೆಯದು. ಅಲ್ಲಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಎನ್‌ಐಡಿಯಲ್ಲಿ, 1969ರಲ್ಲಿ ಮೂಗ್ ಕಂಪನಿಯ ಸಿಂಥಸೈಸರಿನ ಸ್ಟುಡಿಯೋ ಒಂದು ಶುರುವಾಯಿತು. ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಬಂದು ಅದನ್ನು ಕಟ್ಟಲು ನೆರವಾದರು. ಹಿಂದೆ ಅಮೆರಿಕದ ಸಂಯೋಜಕ ಜಾನ್ ಕೇಜ್‌ಗೆ ಭಾರತೀಯ ಸಂಗೀತ ಹೇಳಿಕೊಟ್ಟಿದ್ದ ಗೀತಾ ಸಾರಾಭಾಯಿ ಇದರ ಹಿಂದಿದ್ದರು. ಐ. ಎಸ್. ಮಾಥುರ್, ಅತುಲ್ ದೇಸಾಯಿ, ಎಸ್. ಸಿ. ಶರ್ಮಾ, ಜಿನ್‌ರಾಜ್ ಜೋಶಿಪುರ ಅಲ್ಲಿ ಕೂತು ಟೇಪಿನ ಮೇಲೆ ದನಿ ಕಟ್ಟಿದರು. ಇದ್ಯಾವುದೂ ಆಗ ರೆಕಾರ್ಡಾಗಿ ಅಂಗಡಿಗೆ ಬರಲೇ ಇಲ್ಲ. ಬ್ರಿಟನ್ನಿನ ಸಂಗೀತಗಾರ ಪಾಲ್ ಪರ್ಗಸ್ ಸಂಸ್ಥೆಯ ಸಂಗ್ರಹದಲ್ಲಿ ಆ ಟೇಪುಗಳನ್ನು ಕಂಡು, ಸರಿಪಡಿಸಿ, 2023ರಲ್ಲಿ 'ದಿ ಎನ್‌ಐಡಿ ಟೇಪ್ಸ್' ಹೆಸರಿನಲ್ಲಿ ಹೊರಗೆ ತಂದರು. ನಡುವೆ ಐವತ್ತು ವರ್ಷ. ಟೇಪುಗಳು ಕಪಾಟಿನಲ್ಲೇ ಇದ್ದವು ಅನ್ನುವುದು ನೋಡಿ. ಕಳೆದು ಹೋಗಿರಲಿಲ್ಲ, ಹುಡುಕುವವರಿರಲಿಲ್ಲ.

ಹೊರದೇಶದಲ್ಲೂ ಹೀಗೇ. ಬಿಬಿಸಿಯ ರೇಡಿಯೋಫೋನಿಕ್ ವರ್ಕ್‌ಶಾಪ್ ಅನ್ನುವ ದನಿ ಪ್ರಯೋಗಶಾಲೆಯಲ್ಲಿ ಟೇಪು ಕತ್ತರಿಸಿ ಅಂಟಿಸಿ 'ಡಾಕ್ಟರ್ ಹೂ' ಟಿವಿ ಸರಣಿಯ ಶೀರ್ಷಿಕೆ ಸಂಗೀತಕ್ಕೆ ದನಿ ಕೊಟ್ಟ ಡೀಲಿಯಾ ಡರ್ಬಿಶೈರ್ 2001ರಲ್ಲಿ ತೀರಿಕೊಂಡಾಗ, ಮನೆಯ ಅಟ್ಟದಲ್ಲಿ ಸೀರಿಯಲ್ ಡಬ್ಬಗಳಲ್ಲಿ 267 ಟೇಪುಗಳು ಸಿಕ್ಕವು. ಇಥಿಯೋಪಿಯಾದ ಹೈಲು ಮೆರ್ಗಿಯಾ ವಾಷಿಂಗ್ಟನ್ನಿನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದರು. 1985ರ ಅವರ ಕೀಬೋರ್ಡ್ ಕ್ಯಾಸೆಟ್ ಒಂದು 2013ರಲ್ಲಿ ಮರುಬಿಡುಗಡೆ ಆದಮೇಲೆ ಮತ್ತೆ ವೇದಿಕೆ ಹತ್ತಿದರು.

ಈಗ ನಿಮ್ಮ ಪೆಟ್ಟಿಗೆ. ಅದರಲ್ಲಿ ಇನ್ನೊಬ್ಬ ಚರಣ್‌ಜಿತ್ ಇದ್ದಾರೆ ಅಂತ ಆಸೆ ಹುಟ್ಟಿಸಲಾರೆ. ಆದರೆ ಎಲ್ಲಿ ನೋಡಬೇಕು ಅಂತ ಹೇಳಬಲ್ಲೆ. ಜನಪ್ರಿಯ ಚಿತ್ರದ ಹಾಡುಗಳನ್ನು ಪಕ್ಕಕ್ಕಿಡಿ. ಅವನ್ನು ಕಾಯುವವರು ಬೇಕಾದಷ್ಟು ಜನ ಇದ್ದಾರೆ. ವಾದ್ಯದಲ್ಲಿ ನುಡಿಸಿದ ಚಿತ್ರಗೀತೆಗಳು, ಓಡದ ಸಿನಿಮಾದ ಹಾಡುಗಳು, ಹೆಸರು ಕೇಳಿರದ ಲೇಬಲ್ಲಿನವು, ಇವನ್ನು ಮೊದಲು ತೆಗೆಯಿರಿ. ಆ ಕಾಲದ ಕನ್ನಡ ಚಿತ್ರಗೀತೆಗಳು ಹೆಚ್ಚಾಗಿ ಮದ್ರಾಸಿನಲ್ಲಿ ರೆಕಾರ್ಡ್ ಆಗುತ್ತಿದ್ದವು. ಹೊಸ ಎಲೆಕ್ಟ್ರಾನಿಕ್ ದನಿಗಳು ನಮ್ಮ ಹಾಡುಗಳಿಗೆ ಆ ಸ್ಟುಡಿಯೋಗಳಿಂದಲೇ ಬಂದವು. ಪಲ್ಲವಿ ಮುಗಿದು ಚರಣ ಶುರುವಾಗುವ ಮುಂಚಿನ ಹತ್ತು ಹದಿನೈದು ಸೆಕೆಂಡಿನ ವಾದ್ಯಭಾಗದಲ್ಲಿ ಕಿವಿ ಇಡಿ. ನಾವೆಲ್ಲ ಸಾಮಾನ್ಯವಾಗಿ ಆಗ ಮಾತಾಡಿಬಿಡುತ್ತೇವೆ.

ನನಗೆ ಜಾಸ್ತಿ ಆಸೆ ಇರುವುದು ಕ್ಯಾಸೆಟ್ಟುಗಳ ಮೇಲೆ. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಬಂದಮೇಲೆ ಕನ್ನಡದಲ್ಲಿ ಭಾವಗೀತೆ ಕ್ಯಾಸೆಟ್ಟಿನ ದಾರಿ ತೆರೆಯಿತು. ಅದರ ಹಿಂದೆಯೇ ಜಾನಪದ, ಭಕ್ತಿಗೀತೆ, ಹಾಸ್ಯ, ಮಕ್ಕಳ ಹಾಡು ಎಲ್ಲ ಬಂದವು. ದೊಡ್ಡ ವಾದ್ಯವೃಂದಕ್ಕೆ ದುಡ್ಡಿಲ್ಲದ ಕಡೆ ಒಂದು ಕೀಬೋರ್ಡು, ಒಂದು ರಿದಂ ಯಂತ್ರ ಸಾಕಾಯಿತು. ಅನುಕೂಲಕ್ಕೆ ಮಾಡಿದ ಆ ಕೆಲಸದಲ್ಲೇ ಕೆಲವು ಸಲ ವಿಚಿತ್ರವಾದ, ಚಂದದ ದನಿ ಹುಟ್ಟಿದೆ. ಇವುಗಳಲ್ಲಿ ಎಷ್ಟೋ ಸಿಡಿಗೂ ಬರಲಿಲ್ಲ, ಆಪ್‌ಗಳಿಗೂ ಬರಲಿಲ್ಲ. ನಿಮ್ಮ ಕೈಲಿರುವ ಪ್ರತಿಯೇ ಉಳಿದಿರುವ ಕೆಲವೇ ಪ್ರತಿಗಳಲ್ಲಿ ಒಂದಿರಬಹುದು.

ಪೆಟ್ಟಿಗೆಯಲ್ಲಿ ಬಿಡ್ಡು ಅನ್ನುವ ಹೆಸರು ಕಂಡರೆ ಅದನ್ನೂ ಕೇಳಿ. ಬಿಡ್ಡು ಅಪ್ಪಯ್ಯ ಬೆಂಗಳೂರಿನಲ್ಲಿ ಹುಟ್ಟಿದ ಕೊಡವರು. ಇಲ್ಲೇ 'ಟ್ರೋಜನ್ಸ್' ತಂಡದಲ್ಲಿ ಹಾಡುತ್ತಿದ್ದವರು, 60ರ ದಶಕದಲ್ಲಿ ಇಂಗ್ಲೆಂಡಿಗೆ ಹೋದರು. 1974ರ 'ಕುಂಗ್ ಫೂ ಫೈಟಿಂಗ್' ಅವರು ನಿರ್ಮಿಸಿದ್ದು, ನಾಝಿಯಾ ಹಸನ್ ಹಾಡಿದ 1981ರ 'ಡಿಸ್ಕೋ ದೀವಾನೆ' ಕೂಡ. ಇವು ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿರುವುದು 70ರ ದಶಕದಲ್ಲಿ ಅವರ ಬಿಡ್ಡು ಆರ್ಕೆಸ್ಟ್ರಾ ತಂದ ವಾದ್ಯ ಆಲ್ಬಂಗಳು. ಊರಿನವರಾದ ನಾವೇ ಅವನ್ನು ಕೂತು ಕೇಳಿದ್ದು ಕಡಿಮೆ.

ರೆಕಾರ್ಡಾದರೆ ಎರಡೂ ಬದಿಯ ಲೇಬಲ್ಲಿನ ಫೋಟೋ ತೆಗೆಯಿರಿ. ಆಮೇಲೆ ದೀಪಕ್ಕೆ ಓರೆಯಾಗಿ ಹಿಡಿದರೆ, ಗೆರೆಗಳು ಮುಗಿದು ಲೇಬಲ್ ಶುರುವಾಗುವ ಮುಂಚಿನ ನುಣುಪು ಜಾಗದಲ್ಲಿ ಸಣ್ಣ ಅಕ್ಷರ, ಅಂಕಿ ಕೊರೆದಿರುವುದು ಕಾಣುತ್ತದೆ. ಅದು ಅಚ್ಚಿನ ಗುರುತು. ಲೇಬಲ್ಲಿನ ಮೇಲಿನ ಕ್ಯಾಟಲಾಗ್ ಸಂಖ್ಯೆ ಮತ್ತು ಇದನ್ನು ಸೇರಿಸಿ, ರೆಕಾರ್ಡುಗಳ ವಿವರ ಪಟ್ಟಿ ಮಾಡುವ ಡಿಸ್ಕಾಗ್ಸ್ ತಾಣದಲ್ಲಿ ಹುಡುಕಿ. ಅಲ್ಲಿ ಕನ್ನಡದ ಎಷ್ಟೋ ರೆಕಾರ್ಡುಗಳು ಇನ್ನೂ ದಾಖಲಾಗಿಲ್ಲ. ಸಿಗದಿದ್ದರೆ ನೀವೇ ಸೇರಿಸಬಹುದು. ತೊಳೆಯುವಾಗ ಡಿಸ್ಟಿಲ್ಡ್ ನೀರು, ಮೆತ್ತನೆ ಬಟ್ಟೆ, ಲೇಬಲ್ ಒದ್ದೆಯಾಗಬಾರದು. ಹಳೆಯ ದಪ್ಪನೆಯ 78 ಆರ್‌ಪಿಎಂ ತಟ್ಟೆಗಳಿಗೆ ಸ್ಪಿರಿಟ್ ಮುಟ್ಟಿಸಲೇಬೇಡಿ. ಅವು ಅರಗಿನವು, ಕರಗುತ್ತವೆ. ಅವಕ್ಕೆ ಸೂಜಿಯೂ ಬೇರೆಯೇ, ದಪ್ಪದ್ದು ಬೇಕು.

ಕ್ಯಾಸೆಟ್ಟಿನಲ್ಲಿ ಬಿಳಿ ಪುಡಿಯಂಥ ಬೂಷ್ಟು ಕಂಡರೆ ಹಾಕಲೇಬೇಡಿ, ಪ್ಲೇಯರಿಗೂ ಹತ್ತಿ ಬೇರೆ ಕ್ಯಾಸೆಟ್ಟಿಗೂ ಹರಡುತ್ತದೆ. ಬೂಷ್ಟು ಇಲ್ಲದಿದ್ದರೆ ಕೆಳಗಿನ ಕಿಂಡಿಯಲ್ಲಿ ತಗಡಿನ ಪಟ್ಟಿಗೆ ಅಂಟಿದ ಸಣ್ಣ ಉಣ್ಣೆ ತುಂಡು ಇದೆಯೇ ನೋಡಿ. ಟೇಪನ್ನು ಹೆಡ್ಡಿಗೆ, ಅಂದರೆ ಪ್ಲೇಯರಿನಲ್ಲಿ ದನಿ ಓದುವ ಭಾಗಕ್ಕೆ, ಒತ್ತಿ ಹಿಡಿಯುವುದು ಅದೇ. ಅಂಟು ಒಣಗಿ ಅದು ಬಿದ್ದುಹೋದರೆ ದನಿ ಸೋರಿದ ಹಾಗೆ ಮಂಕಾಗುತ್ತದೆ. ಇನ್ನೊಂದು ಕ್ಯಾಸೆಟ್ಟಿನ ಚಿಪ್ಪಿಗೆ ಟೇಪ್ ವರ್ಗಾಯಿಸಿದರೆ ಸರಿಹೋಗುತ್ತದೆ.

ಉಣ್ಣೆ ಸರಿಯಿದ್ದೂ ದನಿ ಮಂಕಾಗಿದ್ದರೆ ತಪ್ಪು ಟೇಪಿನದಲ್ಲದಿರಬಹುದು. ಪ್ಲೇಯರಿನ ಹೆಡ್ಡು ಟೇಪಿಗೆ ನೇರವಾಗಿ ನಿಂತಿರಬೇಕು. ಕೂದಲೆಳೆ ಓರೆಯಾದರೂ ತಾಳ, ಗೆಜ್ಜೆ, ಸಕಾರದ ದನಿ ಮೊದಲು ಹೋಗುತ್ತವೆ. ಹೆಡ್ಡಿನ ಪಕ್ಕ ಸ್ಪ್ರಿಂಗಿನ ಮೇಲೆ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಹಾಡು ಓಡುತ್ತಿರುವಾಗಲೇ ಅದನ್ನು ಬಹಳ ನಿಧಾನವಾಗಿ ಅತ್ತಿತ್ತ ತಿರುಗಿಸಿ. ಒಂದು ಜಾಗದಲ್ಲಿ ಪರದೆ ಸರಿದ ಹಾಗೆ ದನಿ ತೆರೆಯುತ್ತದೆ. ಅಲ್ಲೇ ನಿಲ್ಲಿಸಿ, ಆಮೇಲೆ ಕಂಪ್ಯೂಟರಿಗೆ ತುಂಬಿ. ವೇವ್ ಫೈಲಾಗಿ, 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಇಡಿ. ಎಂಪಿ3 ಹಂಚಿಕೊಳ್ಳಲು ಸಾಕು, ಉಳಿಸಲು ಸಾಲದು. ಸದ್ದು ತೆಗೆಯುವ ಸಾಫ್ಟ್‌ವೇರನ್ನು ಮೂಲ ಪ್ರತಿಯ ಮೇಲೆ ಬಳಸಬೇಡಿ. ಟೇಪಿನ ಸದ್ದಿನ ಜೊತೆ ತಂಬೂರಿಯನ್ನೂ ಅದು ಒರೆಸಿಹಾಕುತ್ತದೆ.

ಇಂಟರ್ನೆಟ್ಟಿಗೆ ಹಾಕುವ ಮುಂಚೆ ಹಕ್ಕಿನ ಮಾತು. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು, ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. 1982ರದ್ದಾದರೆ 2042ರ ಕೊನೆಯವರೆಗೆ. ಕವಿ ಮತ್ತು ಸಂಯೋಜಕರ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ನಿಮಗಾಗಿ ಉಳಿಸಿಕೊಳ್ಳುವುದು ಒಂದು, ಊರಿಗೆಲ್ಲ ಹಂಚುವುದು ಇನ್ನೊಂದು. ಹೊರದೇಶದ ಯಾರಾದರೂ ಮರುಬಿಡುಗಡೆಗೆ ಕೇಳಿದರೆ ನಿಮ್ಮ ಕೈಲಿರುವುದು ಪ್ರತಿ ಮಾತ್ರ, ಹಕ್ಕಲ್ಲ ಅಂತ ಹೇಳಿ. ಕಲಾವಿದರ ಅಥವಾ ಮನೆಯವರ ವಿಳಾಸಕ್ಕೆ ದಾರಿ ತೋರಿಸಿ. ಹಾಡಿದವರಿಗೆ ಒಂದು ರೂಪಾಯಿಯೂ ಹೋಗದ ಮರುಬಿಡುಗಡೆಗಳು ಈ ಲೋಕದಲ್ಲಿ ಬೇಕಾದಷ್ಟಿವೆ. ಅಂಥವಕ್ಕೆ ಸಹಾಯ ಮಾಡಬೇಡಿ.

ಈಗ ಆಗಲೇ ಹೇಳಿದ ಲೆಕ್ಕ. 1980ರ ಸುಮಾರಿಗೆ ಮೂವತ್ತು ವರ್ಷದವರಾಗಿದ್ದ ಕೀಬೋರ್ಡ್ ವಾದಕರಿಗೆ ಈಗ ಎಪ್ಪತ್ತೈದರ ಆಸುಪಾಸು. ಟೇಪು ಇನ್ನೂ ಹತ್ತು ವರ್ಷ ತಡೆದೀತು, ಅದನ್ನು ನುಡಿಸಿದವರ ನೆನಪು ಅಷ್ಟು ಕಾಯುವುದಿಲ್ಲ. ಹಾಗಾಗಿ ತೊಳೆಯುವುದು, ಕಾಪಿ ಮಾಡುವುದು ಆಮೇಲೆ. ಮೊದಲು ಕ್ಯಾಸೆಟ್ಟಿನ ಒಳಚೀಟಿ ಬಿಡಿಸಿ ನೋಡಿ. ಸಣ್ಣ ಅಕ್ಷರದಲ್ಲಿ ಸ್ಟುಡಿಯೋ, ರೆಕಾರ್ಡಿಂಗ್ ಮಾಡಿದವರು, ವಾದ್ಯದವರ ಹೆಸರು ಯಾವುದಾದರೂ ಒಂದು ಸಿಗಬಹುದು. ಸಿಕ್ಕರೆ ಈ ವಾರವೇ ವಿಚಾರಿಸಲು ಶುರು ಮಾಡಿ. ಆರ್ಕೆಸ್ಟ್ರಾ ಕಲಾವಿದರಿಗೆ ಒಬ್ಬರಿಗೊಬ್ಬರು ಚೆನ್ನಾಗಿ ಗೊತ್ತಿರುತ್ತದೆ, ಎರಡು ಮೂರು ಫೋನಿನಲ್ಲಿ ದಾರಿ ಸಿಗುತ್ತದೆ. ಸಿಕ್ಕವರಿಗೆ ಮೊದಲು ಹಾಡು ಕೇಳಿಸಿ, ಪ್ರಶ್ನೆ ಆಮೇಲೆ. ಯಾವ ಕೀಬೋರ್ಡ್, ಯಾರದ್ದು, ಬಾಡಿಗೆಯದೇ, ಎಷ್ಟು ಹೊತ್ತಿನಲ್ಲಿ ಮುಗಿಸಿದಿರಿ, ಪಕ್ಕದಲ್ಲಿ ಯಾರಿದ್ದರು ಅಂತ ಕೇಳಿ. ಒಪ್ಪಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಒಳಚೀಟಿಯ ಫೋಟೋಗಳನ್ನು ನನಗೂ ಕಳಿಸಿ. ಗುರುತಿರುವ ಹೆಸರಿದ್ದರೆ ಯಾರನ್ನು ಕೇಳಬೇಕು ಅಂತ ತಿಳಿಸುತ್ತೇನೆ.